ಜೋಲಿಯ ತಾಳ ಯಾರದು? ಒಂದು ಬಾಣಂತನದ ಪ್ರಕರಣ

ನನ್ನ ಕೆಲಸ ಯಂತ್ರಗಳ ನಡುಕ ನೋಡುವುದು. ಪಂಪು, ಮೋಟಾರು, ದೊಡ್ಡ ಫ್ಯಾನುಗಳಿಗೆ ಸೆನ್ಸರ್ ಅಂಟಿಸಿ, ಬರುವ ಗೆರೆಗಳನ್ನು ನೋಡಿ, ಎಲ್ಲಿ ಬೇರಿಂಗ್ ಸವೆದಿದೆ ಅಂತ ಹೇಳುವುದು. ಮಕ್ಕಳಿಗೂ ಇದಕ್ಕೂ ಸಂಬಂಧ ಇಲ್ಲ. ಆದರೂ ಹೋದ ಮಳೆಗಾಲದಲ್ಲಿ ನಾನು ಮೂರು ತಿಂಗಳ ಕೂಸಿನ ಗೆರೆ ನೋಡುತ್ತ ಕೂತಿದ್ದೆ. ಮೊದಲ ಅರ್ಧದಲ್ಲಿ ನಾನು ಮಾಡಿದ್ದು ತಪ್ಪು. ಅದನ್ನೂ ಬಿಡದೆ ಬರೆಯುತ್ತೇನೆ.

ನಮ್ಮ ಮನೆ ಇರುವುದು ಸೋಮವಾರಪೇಟೆಯಿಂದ ಶಾಂತಳ್ಳಿ ಕಡೆ ಹೋಗುವ ದಾರಿಯಲ್ಲಿ. ಹಳೇ ಮನೆ, ದಪ್ಪ ತೊಲೆ, ಹಿಂದಿನ ಭಾಗಕ್ಕೆ ಆಮೇಲೆ ಹಾಕಿಸಿದ ಶೀಟು. ಅಕ್ಕ ಬಾಣಂತನಕ್ಕೆ ಬಂದಿದ್ದಳು. ನಾನು ಬೆಂಗಳೂರಿಂದ ಮನೆಯಲ್ಲೇ ಕೆಲಸ ಮಾಡುವ ನೆಪ ಹೇಳಿ ಬಂದಿದ್ದೆ. ಅಮ್ಮನಿಗೆ ತೋಟ, ಅಡುಗೆಮನೆ. ಹಾಗಾಗಿ ಕೂಸನ್ನು ನೋಡಿಕೊಳ್ಳುತ್ತಿದ್ದದ್ದು ಅಕ್ಕ ಮತ್ತು ಅಜ್ಜಿ.

ತೊಂದರೆ ಶುರುವಾಗಿದ್ದು ನಿದ್ದೆಯಿಂದ. ಅಜ್ಜಿ ಕೂಸನ್ನು ಸೀರೆಯ ಜೋಲಿಗೆ ಹಾಕಿ ತೂಗಿದರೆ ಹತ್ತು ನಿಮಿಷದಲ್ಲಿ ನಿದ್ದೆ. ಅಕ್ಕ ಮಡಿಲಲ್ಲಿ ಹಾಕಿಕೊಂಡು ತಟ್ಟಿದರೆ ಮುಕ್ಕಾಲು ಗಂಟೆ ಆದರೂ ಕಣ್ಣು ಬಿಟ್ಟುಕೊಂಡೇ ಇರುತ್ತಿತ್ತು, ಇಲ್ಲವೇ ಅಳುತ್ತಿತ್ತು. ಎರಡು ವಾರ ಹೀಗೇ ನಡೆಯಿತು. ಅಷ್ಟರಲ್ಲಿ ಅಕ್ಕ ಫೋನಿನಲ್ಲಿ ಯಾರದೋ ರೀಲ್ಸ್ ನೋಡಿದ್ದಳು. ತಾಯಿ ಮತ್ತು ಮಗುವಿನ ಲಯ ಹೊಂದಬೇಕು, ಹೊಂದದಿದ್ದರೆ ಮುಂದೆ ಮಗುವಿನ ಮನಸ್ಸಿಗೇ ಪೆಟ್ಟು ಅಂತ ಅದರಲ್ಲಿ ಹೇಳಿದ್ದರಂತೆ.

"ನಂಗೂ ಇವನಿಗೂ ತಾಳ ಕೂಡ್ತಿಲ್ಲ ಕಣೋ" ಅಂದಳು ಒಂದು ಸಂಜೆ. ತಮಾಷೆಯ ಹಾಗೆ ಹೇಳಿದಳು. ಆದರೆ ತಮಾಷೆ ಆಗಿರಲಿಲ್ಲ.

ನಾನು ಏನು ಹೇಳಬೇಕಿತ್ತು? ಸುಮ್ನೆ ಒಂದು ಲೋಟ ಕಾಫಿ ಮಾಡಿಕೊಟ್ಟು ಪಾಪುವನ್ನು ಎತ್ತಿಕೊಳ್ಳಬೇಕಿತ್ತು. ಬದಲಿಗೆ "ಅಳೆದು ನೋಡೋಣ ತಾಳು" ಅಂದೆ.

ಅಳೆಯುವುದು ನನಗೆ ಕಷ್ಟ ಅಲ್ಲ. ನನ್ನ ಹಳೇ ಸ್ಮಾರ್ಟ್‌ವಾಚ್ ಒಂದಿತ್ತು, ಅದನ್ನು ಅಜ್ಜಿಯ ಬಳೆಯ ಪಕ್ಕ ಕಟ್ಟಿದೆ. ಬೆಂಕಿಪೊಟ್ಟಣದಷ್ಟು ದೊಡ್ಡ ಇನ್ನೊಂದು ಸೆನ್ಸರನ್ನು ಕೂಸಿನ ಸುತ್ತುಬಟ್ಟೆಯ ಮಡಿಕೆಯಲ್ಲಿ ಇಟ್ಟೆ. ಎರಡೂ ಸೆಕೆಂಡಿಗೆ 50 ಸಲ ಅಲುಗಾಟ ಬರೆದುಕೊಳ್ಳುತ್ತವೆ. ಮೈಕ್ ಕೂಡ ಇಟ್ಟಿದ್ದೆ. ಆದರೆ ಆಷಾಢದಲ್ಲಿ ನಮ್ಮ ಕಡೆ ಶೀಟಿನ ಮೇಲೆ ಬೀಳುವ ಮಳೆ ಗೊತ್ತಲ್ವಾ? ಅಜ್ಜಿಯ ಜೋಗುಳ, ಕೂಸಿನ ಗೊರಗೊರ, ಎಲ್ಲ ಆ ಸದ್ದಿನಲ್ಲಿ ಮುಳುಗಿ ಹೋಯಿತು. ಧ್ವನಿಯ ಆಸೆ ಅಲ್ಲಿಗೇ ಬಿಟ್ಟೆ. ಎರಡು ದಿನ ಕರೆಂಟೂ ಇರಲಿಲ್ಲ.

ಲಯ ಹೊಂದಿದೆಯೋ ಇಲ್ಲವೋ ಎಂಬುದಕ್ಕೆ ಒಂದು ಅಂಕ ಇದೆ. ಜೋಲಿ ಒಂದು ಸಲ ಹೋಗಿ ಬರುವುದನ್ನು ಒಂದು ಸುತ್ತು ಅಂದುಕೊಳ್ಳಿ. ಪ್ರತಿ ಗಳಿಗೆಯಲ್ಲೂ ಅಜ್ಜಿಯ ಕೈ ಆ ಸುತ್ತಿನ ಯಾವ ಜಾಗದಲ್ಲಿದೆ, ಕೂಸು ಯಾವ ಜಾಗದಲ್ಲಿದೆ ಅಂತ ನೋಡುವುದು. ಎರಡರ ನಡುವಿನ ಅಂತರ ಸದಾ ಅಷ್ಟೇ ಇದ್ದರೆ ಅಂಕ ಒಂದು. ಅಂತರ ಮನಸ್ಸಿಗೆ ಬಂದ ಹಾಗೆ ಅಲೆದಾಡಿದರೆ ಸೊನ್ನೆ. ಇಬ್ಬರೂ ಒಟ್ಟಿಗೇ ಮುಂದೆ ಹೋಗಬೇಕು ಅಂತಿಲ್ಲ. ಒಬ್ಬರು ಮುಂದೆ ಹೋದಾಗ ಇನ್ನೊಬ್ಬರು ಹಿಂದೆ ಬಂದರೂ ಸರಿ, ಅಂತರ ಕದಲದಿದ್ದರೆ ಸಾಕು.

ಅಜ್ಜಿಯ ಅಂಕ ಒಂದಕ್ಕೆ ಹತ್ತಿರ ಹತ್ತಿರ ಬಂತು. ಅಕ್ಕ ಮಡಿಲಲ್ಲಿ ತಟ್ಟುತ್ತಿದ್ದಾಗಿನದು ಸೊನ್ನೆಯ ಅಕ್ಕಪಕ್ಕ.

ಆ ಗ್ರಾಫನ್ನು ಅಕ್ಕನಿಗೆ ತೋರಿಸಿಬಿಟ್ಟೆ. ಅಜ್ಜಿಯದು ನೀಲಿ, ಅವಳದು ಕೆಂಪು. ಅವಳು ಒಂದು ನಿಮಿಷ ನೋಡಿದಳು. ಏನೂ ಹೇಳಲಿಲ್ಲ. ಒಲೆಯ ಮೇಲಿನ ಹಗ್ಗದಲ್ಲಿ ಒಣಗಿಸಿದ್ದ ಕೂಸಿನ ಬಟ್ಟೆಗಳನ್ನು ತೆಗೆದು ಮಡಚಲು ಹೋದಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು.

ರಾತ್ರಿ ನಾನು ಗೆರೆಗಳನ್ನು ಮತ್ತೆ ತೆಗೆದೆ. ಏನೋ ಸರಿ ಇಲ್ಲ ಅನ್ನಿಸಿತು. ಅಜ್ಜಿಯ ಗೆರೆ, ಕೂಸಿನ ಗೆರೆ ಎರಡೂ ಅತಿ ಚೊಕ್ಕ. ಜೀವ ಇರುವ ವಸ್ತು ಅಷ್ಟು ನೀಟಾಗಿ ಅಲುಗುವುದಿಲ್ಲ. ನಮ್ಮ ಕೆಲಸದಲ್ಲಿ ಒಂದು ಅಭ್ಯಾಸ ಇದೆ. ಒಂದೇ ಬೆಡ್, ಅಂದರೆ ಅಡಿಯ ಚೌಕಟ್ಟಿನ ಮೇಲೆ ಕೂತ ಎರಡು ಮೋಟಾರು ಒಂದೇ ತಾಳದಲ್ಲಿ ನಡುಗುತ್ತಿದ್ದರೆ, ಮೋಟಾರುಗಳು ಮಾತಾಡಿಕೊಂಡಿವೆ ಅಂತ ನಾವು ಹೇಳುವುದಿಲ್ಲ. ಮೊದಲು ಬೆಡ್ಡನ್ನು ನೋಡುತ್ತೇವೆ.

ಬೆಳಗ್ಗೆ ಎದ್ದು ಟೇಪ್ ಹಿಡಿದು ಜೋಲಿ ಅಳೆದೆ. ತೊಲೆಯಿಂದ ಕೂಸು ಮಲಗುವ ತಳದವರೆಗೆ ಹತ್ತಿರ ಹತ್ತಿರ ಐದು ಅಡಿ. ಲೋಲಕದ ಲೆಕ್ಕ ಹೈಸ್ಕೂಲಿನಲ್ಲೇ ಓದಿರುತ್ತೇವೆ. ಐದು ಅಡಿ ಉದ್ದಕ್ಕೆ ಒಂದು ಸಲ ಹೋಗಿ ಬರಲು ಸುಮಾರು 2.5 ಸೆಕೆಂಡ್. ಅಜ್ಜಿಯ ಕೈಯ ಗೆರೆಯಲ್ಲಿ ಇದ್ದದ್ದು ಅದೇ ಎರಡೂವರೆ. ಕೂಸಿನ ಗೆರೆಯಲ್ಲೂ ಅದೇ.

ನಂಬಿಕೆ ಬರಲಿ ಅಂತ ಜೋಲಿಯನ್ನು ಒಂದೂವರೆ ಅಡಿ ಮೇಲಕ್ಕೆ ಕಟ್ಟಿದೆ. "ಯಾಕೋ, ನಂಗೆ ಕೈ ಎಟುಕಬೇಡವಾ?" ಅಂತ ಅಜ್ಜಿ ಬೈದಳು. ಮೂರೂವರೆ ಅಡಿಗೆ ಲೆಕ್ಕ ಹೇಳುವುದು 2.1 ಸೆಕೆಂಡ್. ಅಳೆದಾಗಲೂ ಅಷ್ಟೇ ಬಂತು. ಇನ್ನೂ ಮಜಾ ಅಂದರೆ ಅಜ್ಜಿಯ ಜೋಗುಳವೂ ಚುರುಕಾಗಿತ್ತು. ಅವಳಿಗೆ ಅದು ಗೊತ್ತೇ ಇಲ್ಲ. ಜೋಲಿ ಆ ತುದಿಗೆ ಹೋದಾಗ ಒಂದು ಒತ್ತು, ಈ ತುದಿಗೆ ಬಂದಾಗ ಒಂದು ಒತ್ತು. ಹಗ್ಗ ಗಿಡ್ಡ ಮಾಡಿದರೆ ಹಾಡೂ ಅವಸರದ್ದು.

ಅಂದರೆ ಮನೆಯಲ್ಲಿ ತಾಳ ಹಾಕುತ್ತಿದ್ದದ್ದು ಅಜ್ಜಿಯೂ ಅಲ್ಲ, ಕೂಸೂ ಅಲ್ಲ. ತೊಲೆಗೆ ಕಟ್ಟಿದ ಸೀರೆ. ಅದು ಇಬ್ಬರನ್ನೂ ಕುಣಿಸುತ್ತಿತ್ತು.

ಈ ವಿಷಯಕ್ಕೆ ಮೂಲಪುರುಷ ಅನ್ನಬಹುದಾದವನು ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್. 1665ರಲ್ಲಿ ಕಾಯಿಲೆಯಾಗಿ ಮಲಗಿದ್ದಾಗ ಅವನು ಒಂದು ವಿಚಿತ್ರ ನೋಡಿದ. ಒಂದೇ ತೊಲೆಗೆ ನೇತುಹಾಕಿದ ಎರಡು ಲೋಲಕ ಗಡಿಯಾರಗಳು ತಾವಾಗಿಯೇ ತಾಳ ಕೂಡಿಕೊಳ್ಳುತ್ತಿದ್ದವು. ಒಂದರ ಲೋಲಕ ಎಡಕ್ಕೆ ಹೋದರೆ ಇನ್ನೊಂದರದು ಬಲಕ್ಕೆ. ಕೆಡಿಸಿದರೂ ಅರ್ಧ ಗಂಟೆಯೊಳಗೆ ಮತ್ತೆ ಹಾಗೇ. ಒಂದು ಗಡಿಯಾರದ ಸಣ್ಣ ನಡುಕವನ್ನು ತೊಲೆ ಇನ್ನೊಂದಕ್ಕೆ ದಾಟಿಸುತ್ತಿತ್ತು. ನಮ್ಮ ಮನೆಯ ಕಥೆ ಅದಕ್ಕಿಂತ ಬೇರೆ. ಅಲ್ಲಿ ತೊಲೆ ಸುದ್ದಿ ಮುಟ್ಟಿಸುವ ಅಂಚೆಯವನು. ಇಲ್ಲಿ ಜೋಲಿಯೇ ಯಜಮಾನ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಅಂಕವೂ ಒಂದೇ ಬರುತ್ತದೆ.

ಇವೆರಡನ್ನು ಬೇರೆ ಮಾಡಲಿಕ್ಕೇ ಮಾಡೆಲ್, ಅಂದರೆ ಲೆಕ್ಕದಲ್ಲಿ ಕಟ್ಟಿದ ಮಾದರಿ ಬೇಕು. ಜಪಾನಿನ ಯೋಶಿಕಿ ಕುರಾಮೋಟೊ 1975ರಲ್ಲಿ ಕೊಟ್ಟ ಮಾಡೆಲ್ ತುಂಬ ಸರಳ. ಪ್ರತಿಯೊಬ್ಬರಿಗೂ ತಮ್ಮದೇ ಒಂದು ನಡಿಗೆ ಇದೆ. ಜೊತೆಗೆ ಪ್ರತಿಯೊಬ್ಬರೂ ಇನ್ನೊಬ್ಬರನ್ನು ಒಂದಿಷ್ಟು ಎಳೆಯುತ್ತಾರೆ. ಇಬ್ಬರೇ ಇದ್ದಾಗ, ಎರಡು ನಡಿಗೆಗಳ ವ್ಯತ್ಯಾಸಕ್ಕಿಂತ ಎರಡೂ ಕಡೆಯ ಎಳೆತಗಳ ಮೊತ್ತ ಜಾಸ್ತಿ ಇದ್ದರೆ ತಾಳ ಕೂಡುತ್ತದೆ. ಕಡಿಮೆ ಇದ್ದರೆ ಸ್ವಲ್ಪ ಹೊತ್ತು ಕೂಡಿದಂತೆ ಮಾಡಿ ಜಾರುತ್ತದೆ, ಮತ್ತೆ ಹತ್ತಿರ ಬರುತ್ತದೆ, ಮತ್ತೆ ಜಾರುತ್ತದೆ. ಕಾಫಿ ತೋಟದ ಕಾಲುದಾರಿಯಲ್ಲಿ ಅಪ್ಪ ಮಗಳ ಕೈ ಹಿಡಿದು ನಡೆಯುವುದನ್ನು ನೆನೆಸಿಕೊಳ್ಳಿ. ಅವನು ಹೆಜ್ಜೆ ಗಿಡ್ಡ ಮಾಡುತ್ತಾನೆ, ಅವಳು ಓಡುನಡಿಗೆ ಹಾಕುತ್ತಾಳೆ. ಯಾರು ಎಷ್ಟು ಬದಲಾದರು ಎಂಬುದೇ ಎಳೆತದ ಲೆಕ್ಕ.

ಇದಕ್ಕೆ ನಾನು ಮೂರನೆಯವರನ್ನು ಸೇರಿಸಿದೆ: ಜೋಲಿ. ಅದು ಎಳೆಯುತ್ತದೆ, ಯಾರ ಎಳೆತಕ್ಕೂ ಬಗ್ಗುವುದಿಲ್ಲ. ಈಗ ಅಜ್ಜಿ ಮತ್ತು ಕೂಸಿನ ನಡುವಿನ ಎಳೆತವನ್ನು ಪೂರ್ತಿ ಸೊನ್ನೆ ಮಾಡಿದೆ. ಆಗಲೂ ಮಾಡೆಲ್ ನಾನು ಅಳೆದ ಗೆರೆಗಳನ್ನೇ ಕೊಟ್ಟಿತು. ಎಳೆತ ಹೆಚ್ಚಿಸಿದರೂ ಅದೇ ಗೆರೆ. ಅಂದ ಮೇಲೆ ಆ ಗೆರೆಯಿಂದ ಅಜ್ಜಿ-ಕೂಸಿನ ಬಗ್ಗೆ ಏನನ್ನೂ ಹೇಳುವ ಹಾಗಿಲ್ಲ.

ಇನ್ನೊಂದು ಪರೀಕ್ಷೆ ಇದಕ್ಕಿಂತ ಸುಲಭ. ಈ ಕ್ಷೇತ್ರದಲ್ಲಿ ಎಲ್ಲರೂ ಮಾಡುವುದು, ನಾನು ಮೊದಲ ದಿನವೇ ಮಾಡಬೇಕಿತ್ತು. ಸುಳ್ಳು ಜೋಡಿ ಕಟ್ಟುವುದು. ಮಂಗಳವಾರದ ಅಜ್ಜಿಯ ಕೈ, ಶನಿವಾರದ ಕೂಸು. ಇಬ್ಬರೂ ಆ ಹೊತ್ತಿನಲ್ಲಿ ಒಟ್ಟಿಗೆ ಇರಲೇ ಇಲ್ಲ, ಹಾಗಾಗಿ ಅಂಕ ಬೀಳಬೇಕು. ಬೀಳಲಿಲ್ಲ. ನಿಜವಾದ ಜೋಡಿಗೂ ಸುಳ್ಳು ಜೋಡಿಗೂ ಅಂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವೇ ಇರಲಿಲ್ಲ. ಎರಡೂವರೆ ಸೆಕೆಂಡಿನ ಎರಡು ಗೆರೆಗಳನ್ನು ಯಾವತ್ತಿನದೇ ಆಗಲಿ ಪಕ್ಕಪಕ್ಕ ಇಟ್ಟರೆ ಅಂತರ ಹೆಚ್ಚು ಕಡಿಮೆ ಕದಲದೆ ನಿಲ್ಲುತ್ತದೆ. ಅಷ್ಟೇ ವಿಷಯ.

ಅಜ್ಜಿ-ಕೂಸಿನ ನಡುವೆ ಏನೂ ಇಲ್ಲ ಅಂತ ನಾನು ಹೇಳುತ್ತಿಲ್ಲ. ಬೇಕಾದಷ್ಟಿದೆ, ಅದು ಜೋಲಿಯಲ್ಲಿ ಇಲ್ಲ ಅಷ್ಟೇ. ಬೆಳಗ್ಗೆ ಬಚ್ಚಲಲ್ಲಿ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಹಾಕಿಕೊಂಡು ನೀರು ಹಾಕುವಾಗ ಅಜ್ಜಿ ಒಂದು ಮಾತಾಡಿ ನಿಲ್ಲಿಸುತ್ತಾಳೆ. ಕೂಸು "ಆಂ" ಅನ್ನುತ್ತದೆ. "ಹೌದಾ? ಆಮೇಲೆ?" ಅನ್ನುತ್ತಾಳೆ. ಮತ್ತೆ ನಿಲ್ಲಿಸುತ್ತಾಳೆ. ನನಗೆ ಬೇಕಾಗಿದ್ದದ್ದು ಅದೇ. ಆದರೆ ಅದನ್ನು ವಿಡಿಯೊ ಮಾಡಲು ಅಜ್ಜಿ ಬಿಡಲಿಲ್ಲ. "ದೃಷ್ಟಿ ಆಗುತ್ತೆ. ಮುಚ್ಚು ಅದನ್ನ" ಅಂದಳು. ಮುಚ್ಚಿದೆ. ಹಾಗಾಗಿ ಈ ಪ್ರಕರಣದ ಒಳ್ಳೇ ಭಾಗಕ್ಕೆ ದಾಖಲೆ ಇಲ್ಲ.

ಅಜ್ಜಿ ಬಚ್ಚಲಲ್ಲಿ ಮಾಡುತ್ತಿದ್ದದ್ದು ಜೊತೆಗೆ ಅಲುಗುವುದಲ್ಲ, ಸರದಿ. ಕೊಡವರ ಮನೆಯಲ್ಲಿ ದುಡಿ ಎಂಬ ಪುಟ್ಟ ಚರ್ಮವಾದ್ಯ ಹಿಡಿದು ಹಾಡುವುದನ್ನು ಕೇಳಿದವರಿಗೆ ಇದು ಬೇಗ ಗೊತ್ತಾಗುತ್ತದೆ. ನಾಲ್ವರ ಕೈಯಲ್ಲೂ ದುಡಿ ಒಂದೇ ಪೆಟ್ಟಿನಲ್ಲಿ ಬೀಳುತ್ತದೆ. ಅದು ಒಂದು ಬಗೆಯ ಹೊಂದಿಕೆ. ಹಾಡು ಹಾಗಲ್ಲ. ಇಬ್ಬರು ಒಂದು ಸಾಲು ಹೇಳುತ್ತಾರೆ, ಇನ್ನಿಬ್ಬರು ಎತ್ತಿಕೊಳ್ಳುತ್ತಾರೆ. ಒಬ್ಬರು ಬಿಟ್ಟ ಜಾಗದಲ್ಲಿ ಇನ್ನೊಬ್ಬರು ಬರುವುದು ಇನ್ನೊಂದು ಬಗೆ. ನಾನು ಅಕ್ಕನನ್ನು ದುಡಿಯ ಅಳತೆಗೋಲಿನಲ್ಲಿ ಅಳೆದಿದ್ದೆ. ಅವಳು ಹಾಡಿನ ಬಗೆಯದನ್ನು ಮಾಡುತ್ತಿದ್ದಳೋ ಏನೋ. ನೋಡಿರಲೇ ಇಲ್ಲ.

ಎಲ್ಲಿ ನೋಡುವುದು? ಹಾಲು ಕುಡಿಸುವಾಗ. ಅಕ್ಕ ಒಪ್ಪಿದಳು. ಫೋನನ್ನು ಕೂಸಿನ ದವಡೆ ಮತ್ತು ಅವಳ ಬೆರಳು ಮಾತ್ರ ಕಾಣುವಂತೆ ಇಟ್ಟೆವು. ಎರಡು ವಾರದಲ್ಲಿ ಏಳು ವಿಡಿಯೊ ಆಯಿತು. ದೇಹದ ಚಲನೆ ಗುರುತಿಸುವ ಸಾಫ್ಟ್‌ವೇರ್ ಹಾಕಿ ನೋಡಿದೆ. ಸುತ್ತಿದ ಬಟ್ಟೆಯಲ್ಲಿ ಅದಕ್ಕೆ ಕೂಸೇ ಕಾಣಲಿಲ್ಲ, ದಿಂಬನ್ನು ಮನುಷ್ಯ ಅಂದಿತು. ಕೊನೆಗೆ ಕೈಯಲ್ಲೇ ಗುರುತು ಹಾಕಿದೆ: ಈ ಸೆಕೆಂಡಿನಲ್ಲಿ ಚೀಪುತ್ತಿದೆ, ಈ ಸೆಕೆಂಡಿನಲ್ಲಿ ನಿಂತಿದೆ, ಇಲ್ಲಿ ಅಕ್ಕ ಕೆನ್ನೆ ತಟ್ಟಿದಳು, ಇಲ್ಲಿ ಬಿಟ್ಟಳು. ನನಗೆ ಬೇಕಾದ್ದೇ ಕಾಣಬಾರದಲ್ಲ, ಅದಕ್ಕೆ ಚಿಕ್ಕಮ್ಮನಿಗೂ ಎರಡು ವಿಡಿಯೊ ಕೊಟ್ಟು ಬೇರೆಯಾಗಿ ಗುರುತು ಹಾಕಿಸಿದೆ. ನಮ್ಮಿಬ್ಬರದೂ ಬಹುಪಾಲು ಹೊಂದಿತು. ಹೊಂದದ ಕಡೆ ಚಿಕ್ಕಮ್ಮನದೇ ಸರಿ ಇತ್ತು. ಅವಳು ಮೂರು ಮಕ್ಕಳನ್ನು ಸಾಕಿದವಳು.

ಕೂಸುಗಳು ಒಂದೇ ಸಮ ಹಾಲು ಚೀಪುವುದಿಲ್ಲ. ಒಂದಿಷ್ಟು ಚೀಪಿ ನಿಲ್ಲಿಸುತ್ತವೆ, ಮತ್ತೆ ಚೀಪುತ್ತವೆ. ಹಾಲು ಬರುತ್ತಿರುವಾಗ ಸೆಕೆಂಡಿಗೆ ಸುಮಾರು ಒಂದು ಸಲ. ಬರಿದೇ ಚೀಪುವಾಗ ಸುಮಾರು ಎರಡು. ನಿಲ್ಲಿಸಿದಾಗ ತಾಯಂದಿರು ಕೆನ್ನೆ ತಟ್ಟುತ್ತಾರೆ, ಮಡಿಲು ಅಲುಗಿಸುತ್ತಾರೆ, ಅಂಗಾಲು ಕೆರೆಯುತ್ತಾರೆ. 1970ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಕೆನೆತ್ ಕೇ ಇದನ್ನೇ ಕೂತು ಎಣಿಸಿದ. ಅವನು ಕಂಡದ್ದು ನಾವು ಅಂದುಕೊಳ್ಳುವುದಕ್ಕೆ ತಿರುಗುಮುರುಗು. ಅಲುಗಿಸುತ್ತಿರುವಾಗ ಕೂಸು ಮತ್ತೆ ಚೀಪಲು ಶುರು ಮಾಡುವುದು ಕಡಿಮೆ. ಅಲುಗಿಸುವುದನ್ನು ನಿಲ್ಲಿಸಿದಾಗ ಶುರು ಮಾಡುತ್ತದೆ. ಎಬ್ಬಿಸುವುದು ತಟ್ಟುವುದಲ್ಲ, ತಟ್ಟಿ ನಿಲ್ಲಿಸುವುದು.

ಇದಕ್ಕೆ ಲೋಲಕದ ಮಾಡೆಲ್ ನಡೆಯುವುದಿಲ್ಲ. ಇಲ್ಲಿ ಬೇಕಾದದ್ದು ಇನ್ನೂ ಸಾದಾ ಲೆಕ್ಕ. ಕೂಸು ನಿಲ್ಲಿಸಿರುವ ಪ್ರತಿ ಸೆಕೆಂಡಿಗೂ ಒಂದೇ ಪ್ರಶ್ನೆ: ಮುಂದಿನ ಸೆಕೆಂಡಿನಲ್ಲಿ ಚೀಪಲು ಶುರು ಮಾಡುವ ಸಂಭವ ಎಷ್ಟು? ಅದನ್ನು ಮೂರು ಗುಂಪಾಗಿ ಹಂಚುವುದು. ಅಕ್ಕ ಏನೂ ಮಾಡದಿದ್ದಾಗ, ತಟ್ಟುತ್ತಿದ್ದಾಗ, ಈಗಷ್ಟೇ ತಟ್ಟುವುದು ಬಿಟ್ಟಾಗ. ಮೂರು ಕೋಲಿನ ಗ್ರಾಫ್ ಬಂತು. ಎಲ್ಲಕ್ಕಿಂತ ಎತ್ತರದ್ದು ಮೂರನೆಯದು. ಎಲ್ಲಕ್ಕಿಂತ ಗಿಡ್ಡ ಎರಡನೆಯದು.

ಸುಳ್ಳು ಜೋಡಿ ಕಟ್ಟಿ ನೋಡಿದೆ. ಈ ವಿಡಿಯೊದ ಅಕ್ಕನ ಬೆರಳು, ಆ ವಿಡಿಯೊದ ಕೂಸಿನ ದವಡೆ. ಮೂರು ಕೋಲೂ ಸಮ ಆಗಿಬಿಟ್ಟವು. ಅಂದರೆ ಆ ವ್ಯತ್ಯಾಸ ಬರುವುದು ಅವರಿಬ್ಬರೂ ನಿಜವಾಗಿ ಒಟ್ಟಿಗೆ ಇದ್ದಾಗ ಮಾತ್ರ. ಅಜ್ಜಿಯ ಜೋಲಿಯ ದೊಡ್ಡ ಅಂಕ ಈ ಪರೀಕ್ಷೆಯಲ್ಲಿ ಫೇಲ್ ಆಗಿತ್ತು. ಅಕ್ಕನದು ಪಾಸ್.

ಇನ್ನೊಂದು ಕಂಡಿತು. ಇದನ್ನು ತೋರಿಸಿದ್ದು ಲೆಕ್ಕ ಅಲ್ಲ, ವಿಡಿಯೊ. ಮೊದಲ ವಿಡಿಯೊದಲ್ಲಿ ಅಕ್ಕನ ತೋರುಬೆರಳು ಕೂಸಿನ ಕೆನ್ನೆಯ ಮೇಲೆ ಬಿಡದೆ ತಟ್ಟುತ್ತಲೇ ಇದೆ, ಟಪ ಟಪ ಟಪ. ಕೂಸು ಬಾಯಿ ತೆರೆದು ಸುಮ್ಮನೆ ಇದೆ. ಕೊನೆಯ ವಿಡಿಯೊದಲ್ಲಿ ಎರಡೇ ಸಲ ತಟ್ಟುತ್ತಾಳೆ. ಬೆರಳು ಎತ್ತುತ್ತಾಳೆ. ಅದು ಗಾಳಿಯಲ್ಲಿ, ಕೆನ್ನೆಗೆ ಒಂದು ಅಂಗುಲ ದೂರದಲ್ಲಿ ಕಾಯುತ್ತದೆ. ದವಡೆ ಅಲುಗುತ್ತದೆ. ಬೆರಳು ಕೆಳಗೆ ಇಳಿಯುತ್ತದೆ. ಹೀಗೆ ಮಾಡು ಅಂತ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನಂತೂ ಅಲ್ಲ, ಕೆನೆತ್ ಕೇ ಹೆಸರೂ ಅವಳಿಗೆ ಗೊತ್ತಿಲ್ಲ. ಕೂಸೇ ಕಲಿಸಿತು ಅಂತ ನನ್ನ ಲೆಕ್ಕ.

ಈ ಸಲ ಗ್ರಾಫ್ ತೋರಿಸಲಿಲ್ಲ. ಎರಡು ವಿಡಿಯೊ ಪಕ್ಕಪಕ್ಕ ಹಾಕಿ ಲ್ಯಾಪ್‌ಟಾಪ್ ಕೊಟ್ಟೆ. ಅವಳು ಮೂರು ಸಲ ನೋಡಿದಳು. "ಅಯ್ಯೋ, ಮೊದಲು ಎಷ್ಟು ಕಾಟ ಕೊಟ್ಟಿದೀನಿ ಪಾಪ" ಅಂತ ನಕ್ಕಳು.

ರೀಲ್ಸ್ ಹೇಳಿದ ಮಾತಿಗೂ ಉತ್ತರ ಕೊಡಬೇಕಿತ್ತು. ಲಯ ಎಂಬ ಮಾತೇ ಸುಳ್ಳಲ್ಲ. ಇಸ್ರೇಲಿನ ರೂತ್ ಫೆಲ್ಡ್‌ಮನ್ ತಂಡ 2011ರಲ್ಲಿ ಮೂರು ತಿಂಗಳ ಕೂಸುಗಳು ಮತ್ತು ತಾಯಂದಿರು ಎದುರು ಬದುರು ಕೂತು ಆಡುವಾಗ ಇಬ್ಬರ ಎದೆಬಡಿತದ ಏರಿಳಿತ ಒಂದಕ್ಕೊಂದು ಹೊಂದಿಕೊಳ್ಳುವುದನ್ನು ತೋರಿಸಿತು. ನೋಟ, ದನಿ ಕೂಡಿದ ಗಳಿಗೆಯಲ್ಲಿ ಅದು ಇನ್ನೂ ಜಾಸ್ತಿ. ಆದರೆ "ಸದಾ ಹೊಂದಬೇಕು" ಎಂಬುದು ಎಲ್ಲಿಂದ ಬಂತೋ ಕಾಣೆ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ ಮತ್ತು ಜೊತೆಯವರು ತಾಯಿ-ಮಗುವಿನ ಆಟವನ್ನು ಗಳಿಗೆ ಗಳಿಗೆಯಾಗಿ ಬಿಡಿಸಿ ನೋಡಿದಾಗ, ಎಲ್ಲ ಸರಿಯಾಗಿರುವ ಜೋಡಿಗಳಲ್ಲೂ ಹೊಂದಿಕೆ ಇದ್ದದ್ದು ಸುಮಾರು ಮೂರರಲ್ಲಿ ಒಂದು ಪಾಲು ಹೊತ್ತು ಮಾತ್ರ. ಉಳಿದದ್ದೆಲ್ಲ ತಪ್ಪುವುದು, ಸರಿ ಮಾಡಿಕೊಳ್ಳುವುದು, ಮತ್ತೆ ತಪ್ಪುವುದು. 2001ರಲ್ಲಿ ಜೋಸೆಫ್ ಜ್ಯಾಫ್, ಬಿಯಾಟ್ರಿಸ್ ಬೀಬಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ನನಗೆ ಇನ್ನೂ ಇಷ್ಟ. ನಾಲ್ಕು ತಿಂಗಳ ಕೂಸುಗಳ ಜೊತೆ ದೊಡ್ಡವರ ದನಿಯ ಸರದಿ ಎಷ್ಟು ಬಿಗಿಯಾಗಿ ಹೊಂದುತ್ತದೆ ಅಂತ ಅಳೆದು, ಆ ಮಕ್ಕಳನ್ನು ಒಂದು ವರ್ಷಕ್ಕೆ ಮತ್ತೆ ನೋಡಿದರು. ತಾಯಿಯ ಜೊತೆ ನಿರಾಳವಾಗಿದ್ದವರಲ್ಲಿ ಹೊಂದಿಕೆ ಇದ್ದದ್ದು ನಡುಮಟ್ಟದಲ್ಲಿ. ತೀರ ಬಿಗಿಯಾಗಿ ಹೊಂದಿಸಿಕೊಳ್ಳುವುದು ಕಣ್ಣಲ್ಲಿ ಕಣ್ಣಿಟ್ಟು ಕಾಯುವ ಆತಂಕದ ಗುರುತೂ ಆಗಿರಬಹುದು ಅನ್ನುವುದು ಅವರ ಅರ್ಥ.

ಅಕ್ಕನಿಗೆ ಇಷ್ಟೆಲ್ಲ ಹೇಳಲಿಲ್ಲ. "ಮೂರರಲ್ಲಿ ಎರಡು ಸಲ ಎಲ್ಲರಿಗೂ ತಾಳ ತಪ್ಪುತ್ತೆ" ಅಂದೆ. "ಅಜ್ಜಿಗೂನಾ?" ಅಂದಳು. ಒಳಗಿಂದ ಅಜ್ಜಿ, "ನಂಗೆ ಯಾಕೆ ತಪ್ಪುತ್ತೆ?" ಅಂದಳು.

ನಿದ್ದೆಯ ವಿಷಯ ಮಾತ್ರ ಬಾಕಿ ಉಳಿದಿತ್ತು. ಅದಕ್ಕೆ ಜಪಾನಿನ ರೈಕೆನ್ ಸಂಸ್ಥೆಯವರು 2022ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನೆನಪಾಯಿತು. ಅಳುವ ಕೂಸನ್ನು ಎತ್ತಿಕೊಂಡು ಐದು ನಿಮಿಷ ನಿಲ್ಲದೆ ನಡೆಯುವುದು. ನಿದ್ದೆ ಬಂದ ಮೇಲೆ ತಕ್ಷಣ ಮಲಗಿಸದೆ ಐದರಿಂದ ಎಂಟು ನಿಮಿಷ ಹಾಗೇ ಹಿಡಿದು ಕೂರುವುದು, ಆಮೇಲೆ ಕೆಳಗೆ ಇಡುವುದು. ಅಕ್ಕ ಜಗುಲಿಯಲ್ಲಿ ನಡೆದಳು. ಆ ತುದಿಯಿಂದ ಈ ತುದಿಗೆ ಹದಿನಾಲ್ಕು ಹೆಜ್ಜೆ, ಸೂರಿನಿಂದ ನೀರು ಧಾರೆ ಕಟ್ಟಿ ಬೀಳುತ್ತಿತ್ತು. ಎಲ್ಲ ಸಲವೂ ನಿದ್ದೆ ಬಂತು ಅಂತಲ್ಲ. ಬಂದ ಸಲವೇ ಜಾಸ್ತಿ. ಐದು ನಿಮಿಷ ಕಾಯಬೇಕಂತೆ ಅಂತ ನಾನು ಹೇಳಿದ್ದಕ್ಕೆ ಅಜ್ಜಿ, "ನಿದ್ದೆ ಗಟ್ಟಿಯಾಗಲಿ ಆಮೇಲೆ ಇಳಿಸು ಅಂತ ನಾನು ಹೇಳಿದ್ರೆ ಕಿವಿಗೆ ಹಾಕ್ಕೊಳ್ಲಿಲ್ಲ, ಜಪಾನಿನವರು ಹೇಳಬೇಕಾಯ್ತು" ಅಂದಳು.

ಈ ಪ್ರಕರಣದ ಮಿತಿ ಹೇಳಿಬಿಡುತ್ತೇನೆ. ಒಂದೇ ಮನೆ, ಒಂದೇ ಕೂಸು, ಅಳೆದವನು ಮಾಮ. ನನಗೆ ಅಕ್ಕ ಗೆಲ್ಲಬೇಕಿತ್ತು. ಚಿಕ್ಕಮ್ಮನ ಗುರುತು ಮತ್ತು ಸುಳ್ಳು ಜೋಡಿ ಇಲ್ಲದಿದ್ದರೆ ನಾನೇ ನನ್ನ ಲೆಕ್ಕವನ್ನು ನಂಬುತ್ತಿರಲಿಲ್ಲ. ಇನ್ನು ಅಕ್ಕನ ಬೆರಳು ಬದಲಾಗಿದ್ದು ಕೂಸಿನಿಂದಲೋ, ಫೋನು ನೋಡುತ್ತಿದೆ ಎಂಬ ಅರಿವಿನಿಂದಲೋ? ಏಳು ವಿಡಿಯೊ ಇಟ್ಟುಕೊಂಡು ಅದನ್ನು ಬೇರೆ ಮಾಡಲು ಆಗುವುದಿಲ್ಲ.

ಕೂಸಿಗೆ ಐದು ತಿಂಗಳು ಆಗುವ ಹೊತ್ತಿಗೆ ಅಳತೆ ನಿಲ್ಲಿಸಬೇಕಾಯಿತು. ಅದು ಕಾಲು ಝಾಡಿಸಿ ಜೋಲಿಯನ್ನು ತಾನೇ ಅಲುಗಿಸಲು ಕಲಿತಿತ್ತು. ಅಜ್ಜಿ ತೂಗುವ ತಾಳ ಒಂದು, ಅದರದು ಇನ್ನೊಂದು. ಯಜಮಾನನಾಗಿದ್ದ ಜೋಲಿ ಈಗ ಇಬ್ಬರ ನಡುವೆ ಸಿಕ್ಕಿಕೊಂಡಿತ್ತು. ಗೆರೆ ಪೂರ್ತಿ ಗಲೀಜಾಯಿತು. ನನಗೆ ಖುಷಿಯಾಯಿತು.

ಸೆಪ್ಟೆಂಬರಿನಲ್ಲಿ ಭಾವ ಬಂದು ಅವರನ್ನು ಮೈಸೂರಿಗೆ ಕರೆದುಕೊಂಡು ಹೋದರು. ಫ್ಲಾಟಿನಲ್ಲಿ ತೊಲೆ ಎಲ್ಲಿಂದ ತರುವುದು? ಸ್ಪ್ರಿಂಗಿಗೆ ನೇತುಹಾಕುವ ತೊಟ್ಟಿಲು ಕೊಂಡರು. ಅದು ಅಕ್ಕಪಕ್ಕ ತೂಗುವುದಲ್ಲ, ಮೇಲೆ ಕೆಳಗೆ ಕುಣಿಯುವುದು. ಲೋಲಕಕ್ಕೆ ಒಳಗೆ ಎಷ್ಟು ಭಾರ ಇದೆ ಎಂಬುದು ಲೆಕ್ಕಕ್ಕಿಲ್ಲ, ಹಗ್ಗದ ಉದ್ದವೇ ಎಲ್ಲ. ಸ್ಪ್ರಿಂಗ್ ಹಾಗಲ್ಲ. ಭಾರ ಹೆಚ್ಚಿದಷ್ಟೂ ಅದರ ತಾಳ ನಿಧಾನ.

ದೀಪಾವಳಿ ಕಳೆದ ಮೇಲೆ ಒಂದು ರಾತ್ರಿ ಅಕ್ಕನ ಫೋನ್ ಬಂತು.

"ತೊಟ್ಟಿಲ ಸ್ಪ್ರಿಂಗ್ ಹಾಳಾಗಿದೆ ಅನ್ಸುತ್ತೆ ಕಣೋ. ತಂದಾಗ ಇದ್ದಷ್ಟು ಚುರುಕಿಲ್ಲ. ನಾನು ಗುನುಗೋ ಹಾಡು ಮುಂದೆ ಹೋಗಿಬಿಡುತ್ತೆ, ಅದು ಹಿಂದೆ ಉಳಿಯುತ್ತೆ. ನಿಮ್ಮ ಭಾವನಿಗೆ ಹೇಳಿದ್ರೆ ನಿಂಗೆ ಭ್ರಮೆ ಅಂತಾರೆ."

"ಪಾಪು ತೂಕ ಎಷ್ಟಾಯ್ತು?" ಅಂತ ಕೇಳಿದೆ.